ಮಾಳಿಗೆಗೆ ಗೋಡೆ ಕಟ್ಟು

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: ಧರ್ಮೋಪದೇಶಕಾಂಡ 22:8, ಮತ್ತಾಯ 4:5-7, ಧರ್ಮೋಪದೇಶಕಾಂಡ 5:12-15

ಇಲ್ಲಿ ಬಂದು ಕೂತಿರೋ ನಿಮಗೂ, ಅಮೆರಿಕದಿಂದ ಆನ್‌ಲೈನ್‌ನಲ್ಲಿ ಸೇರ್ಕೊಂಡಿರೋ ನಮ್ಮ ತಮ್ಮ ತಂಗಿಯರಿಗೂ ಸ್ತೋತ್ರ. ಅಲ್ಲಿ ಇನ್ನೂ ಬೆಳಗಿನ ಹೊತ್ತು, ಕಣ್ಣುಜ್ಜಿಕೊಂಡು ಕೂತಿದ್ದೀರಿ ಅಂತ ಗೊತ್ತು.

ಇವತ್ತಿನ ಸಂದೇಶ ನಿಮ್ಮಿಂದಲೇ ಬಂದದ್ದು. ಫೆಬ್ರವರಿ ಕೊನೆ ಬಂತು ಅಂದ್ರೆ ಅಲ್ಲಿಂದ ನನಗೆ ಎರಡು ಥರದ ಮೆಸೇಜ್ ಬರುತ್ತೆ. ಒಂದು: "ಪಾಸ್ಟರ್, ಸ್ಪ್ರಿಂಗ್ ಬ್ರೇಕ್‌ಗೆ ರೂಮ್‌ಮೇಟ್ಸ್ ಎಲ್ಲಾ ಫ್ಲೋರಿಡಾಗೆ ಹೊರಟಿದ್ದಾರೆ, ನಾನೂ ಹೋಗಬಹುದಾ?" ಇನ್ನೊಂದು: "ಪಾಸ್ಟರ್, ಎಲ್ಲಾ ಹೋಗ್ತಾರೆ, ನಾನೊಬ್ಬಳೇ ರೂಮಲ್ಲಿ ಇರ್ತೀನಿ, ಪ್ರಾರ್ಥನೆ ಮಾಡಿ." ಎರಡೂ ಚಿಕ್ಕ ಪ್ರಶ್ನೆಗಳ ಹಾಗೆ ಕಾಣುತ್ತೆ. ಆದರೆ ಅವುಗಳ ಕೆಳಗೆ ಒಂದು ದೊಡ್ಡ ಪ್ರಶ್ನೆ ಇದೆ. ಅಪ್ಪ ಅಮ್ಮ ನೋಡಲ್ಲ, ಪ್ರೊಫೆಸರ್ ಕೇಳಲ್ಲ, ಸಭೆಯವರು ಎದುರಿಗೆ ಇಲ್ಲ. ಹಾಗೆ ಒಂದು ವಾರ ನನ್ನ ಕೈಗೆ ಸಿಕ್ಕಿದಾಗ, ಆ ವಾರ ಯಾರದು? ನನ್ನೊಬ್ಬನದೇನಾ?

ಇಲ್ಲಿರೋರಿಗೆ ಸ್ವಲ್ಪ ವಿವರ ಹೇಳ್ತೀನಿ. ಅಮೆರಿಕದ ಕಾಲೇಜುಗಳಲ್ಲಿ ಸೆಮಿಸ್ಟರ್ ನಡುವೆ, ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ಒಂದು ವಾರ ರಜೆ ಇರುತ್ತೆ. 1930ರ ದಶಕದಲ್ಲಿ ಕಾಲೇಜು ಈಜುಗಾರರು ಉತ್ತರದ ಚಳಿ ಬಿಟ್ಟು ತರಬೇತಿಗೆ ಅಂತ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ಗೆ ಬರೋರು. 1960ರಲ್ಲಿ ಆ ಊರಿನ ರಜೆಯ ಕಥೆ ಇಟ್ಟುಕೊಂಡು ಒಂದು ಸಿನಿಮಾ ಬಂತು, ಆಮೇಲೆ ಜನ ನುಗ್ಗಿದರು. 1985ರ ಹೊತ್ತಿಗೆ ಆ ಒಂದೇ ಊರಿಗೆ ಸುಮಾರು 3.5 ಲಕ್ಷ ವಿದ್ಯಾರ್ಥಿಗಳು ಬಂದರು. ಊರಿನವರಿಗೆ ಸಾಕಾಗಿ ಹೋಯ್ತು, ಕಾನೂನು ಬಿಗಿ ಮಾಡಿದರು, ಗುಂಪು ಬೇರೆ ತೀರ ಹುಡುಕಿಕೊಂಡಿತು. ಪನಾಮಾ ಸಿಟಿ ಬೀಚ್‌ನಲ್ಲಿ ಈಗ ಮಾರ್ಚ್ ತಿಂಗಳಿಡೀ ಬೀಚ್ ಮೇಲೆ ಮದ್ಯ ನಿಷೇಧ. 2024ರಲ್ಲಿ ಮಯಾಮಿ ಬೀಚ್ ನಗರ ಜಾಹೀರಾತು ಮಾಡಿ, ಸ್ಪ್ರಿಂಗ್ ಬ್ರೇಕ್ ಜೊತೆ ನಮ್ಮ ಸಂಬಂಧ ಮುಗಿಯಿತು ಅಂತಲೇ ಹೇಳ್ತು. ಪ್ರವಾಸಿಗರ ದುಡ್ಡಿನ ಮೇಲೆ ಬದುಕೋ ಊರು ಬರಬೇಡಿ ಅನ್ನೋ ಹಾಗಾಯ್ತು ನೋಡಿ. ಒಬ್ಬರ ರಜೆ ಇನ್ನೊಬ್ಬರ ತಲೆ ಮೇಲೆ ಹೊರೆಯಾಗಿ ಕೂತಿತು.

ಈಗ ವಾಕ್ಯಕ್ಕೆ ಬರೋಣ. ಸತ್ಯವೇದದಿಂದ ಇವತ್ತು ಎರಡು ಮಾಳಿಗೆ ತೋರಿಸ್ತೀನಿ.

ಮೊದಲನೆಯದು ಧರ್ಮೋಪದೇಶಕಾಂಡ 22:8. ಓದಿ ದಾಟಿ ಹೋಗೋ ವಚನ ಅದು. ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಇಲ್ಲದೆ ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ಅಪರಾಧ ಆ ಮನೆಗೆ ಬರುತ್ತೆ ಅಂತ ದೇವರು ಹೇಳ್ತಾನೆ. ಆ ಕಾಲದ ಮನೆಗಳದ್ದು ಚಪ್ಪಟೆ ಮಾಳಿಗೆ, ನಮ್ಮ ಬೆಂಗಳೂರಿನ ಟೆರೇಸ್ ಥರ. ಸೆಖೆಗೆ ಅಲ್ಲೇ ಮಲಗೋರು, ಅಲ್ಲೇ ಮಾತಾಡೋರು. ಯೊಪ್ಪದಲ್ಲಿ ಪೇತ್ರನು ಪ್ರಾರ್ಥನೆ ಮಾಡಕ್ಕೆ ಹತ್ತಿದ್ದೂ ಮಾಳಿಗೆಯನ್ನೇ.

ಇದರಲ್ಲಿ ಎರಡು ವಿಷಯ ಗಮನಿಸಿ. ದೇವರು "ಮಾಳಿಗೆ ಹತ್ತಬೇಡಿ" ಅಂತ ಹೇಳಲಿಲ್ಲ. ಗಾಳಿ, ನಕ್ಷತ್ರ, ಹರಟೆ, ನಗು ಇವನ್ನೆಲ್ಲ ಕೊಟ್ಟವನು ಆತನೇ. ಹಾಗಾಗಿ "ಹೋಗಬಹುದಾ" ಅಂತ ಕೇಳಿದವನಿಗೆ ನಾನು ಮೊದಲೇ ಬೇಡ ಅನ್ನಲ್ಲ. ಎರಡನೆಯದು, ಆ ಗೋಡೆ ಯಾರಿಗೋಸ್ಕರ? ಯಜಮಾನನಿಗೆ ತನ್ನ ಮಾಳಿಗೆ ಗೊತ್ತು, ಕತ್ತಲಲ್ಲೂ ಅಂಚು ಎಲ್ಲಿದೆ ಅಂತ ಗೊತ್ತು. ಗೋಡೆ ಬೇಕಾಗಿರೋದು ಮನೆಗೆ ಬಂದ ನೆಂಟನಿಗೆ, ಓಡಾಡೋ ಮಗುವಿಗೆ, ನಿದ್ದೆಗಣ್ಣಲ್ಲಿ ಎದ್ದವನಿಗೆ. ನಾವು ಸುರಕ್ಷತೆ ಅಂದ ತಕ್ಷಣ ಭಯ ಅಂದುಕೊಳ್ತೀವಿ. ಅಮ್ಮ ಫೋನಲ್ಲಿ ಹುಷಾರು ಹುಷಾರು ಅಂದ್ರೆ ಬೇಜಾರು ಮಾಡ್ಕೊಳ್ತೀವಿ. ಆದರೆ ದೇವರ ಧರ್ಮಶಾಸ್ತ್ರದಲ್ಲಿ ಸುರಕ್ಷತೆ ಅನ್ನೋದು ಪ್ರೀತಿಯ ಒಂದು ಕೆಲಸ. ನೆರೆಯವನನ್ನು ಪ್ರೀತಿಸು ಅನ್ನೋ ಆಜ್ಞೆಯನ್ನು ಇಟ್ಟಿಗೆಯಲ್ಲಿ ಕಟ್ಟಿದರೆ ಆ ಗೋಡೆ ಆಗುತ್ತೆ.

ಎರಡನೆಯ ಮಾಳಿಗೆ ಮತ್ತಾಯ 4ರಲ್ಲಿದೆ. ಸೈತಾನನು ಯೇಸುವನ್ನು ದೇವಾಲಯದ ತುದಿಗೆ ಕರ್ಕೊಂಡು ಹೋಗಿ, ನೀನು ದೇವರ ಮಗನಾದರೆ ಕೆಳಕ್ಕೆ ಧುಮುಕು ಅಂತಾನೆ. ಜೊತೆಗೆ ವಾಕ್ಯವನ್ನೂ ಹೇಳ್ತಾನೆ. ಯಾವ ವಾಕ್ಯ ಅಂತ ಗೊತ್ತಾ? 91ನೇ ಕೀರ್ತನೆ! ನಾವು ಊರಿಗೆ ಹೊರಡುವಾಗ ಓದೋ ಕೀರ್ತನೆ, ಕಾರಿನ ಗ್ಲಾಸಿಗೆ ಸ್ಟಿಕ್ಕರ್ ಹಾಕಿಸಿಕೊಳ್ಳೋ ಕೀರ್ತನೆ. ದೇವದೂತರು ನಿನ್ನನ್ನು ಕೈಯಲ್ಲಿ ಹೊತ್ತುಕೊಳ್ತಾರೆ ಅನ್ನೋ ವಾಗ್ದಾನ ಸತ್ಯವೇ. ಆದರೆ ಸೈತಾನನು ಆ ವಾಗ್ದಾನವನ್ನು ಇನ್ಶೂರೆನ್ಸ್ ಪಾಲಿಸಿ ಥರ ಓದಿದ. ಯೇಸು ಒಪ್ಪಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂತ ವಾಕ್ಯದಿಂದಲೇ ಉತ್ತರ ಕೊಟ್ಟು, ತುದಿಯಲ್ಲೇ ನಿಂತ. ಕರ್ತನು ಧುಮುಕದೆ ಇದ್ದದ್ದು ಅಪನಂಬಿಕೆಯಲ್ಲ. ತಂದೆಯ ಪ್ರೀತಿಯನ್ನು ಪರೀಕ್ಷಿಸಿ ನೋಡಬೇಕಾದ ಅಗತ್ಯ ಆತನಿಗಿರಲಿಲ್ಲ. ಹಲ್ಲೆಲೂಯಾ.

ನಮ್ಮ ಹುಡುಗರ ಬಾಯಲ್ಲಿ ನಾನು ಬಹಳ ಸಲ ಕೇಳಿದ ಮಾತು: "ಪ್ರಾರ್ಥನೆ ಮಾಡಿ ಹೊರಟಿದ್ದೀವಿ ಪಾಸ್ಟರ್, ದೇವರು ನೋಡ್ಕೊಳ್ತಾನೆ." ಆಮೆನ್, ನೋಡ್ಕೊಳ್ತಾನೆ. ಆದರೆ ಪ್ರಾರ್ಥನೆ ಗೋಡೆ ಕಟ್ಟೋದರ ಬದಲಿಗೆ ಮಾಡೋ ಕೆಲಸ ಅಲ್ಲ, ಗೋಡೆ ಕಟ್ಟುತ್ತಾ ಮಾಡೋ ಕೆಲಸ.

ಸಮುದ್ರದಿಂದ ಶುರು ಮಾಡ್ತೀನಿ. ಬೀಚ್‌ನಲ್ಲಿ ದಡದಿಂದ ಒಳಕ್ಕೆ ಎಳೆಯೋ ಸೆಳೆತ ಇರುತ್ತೆ, ರಿಪ್ ಕರೆಂಟ್ ಅಂತಾರೆ. ಅಮೆರಿಕದ ಬೀಚ್‌ಗಳಲ್ಲಿ ಲೈಫ್‌ಗಾರ್ಡ್‌ಗಳು ಮಾಡೋ ರಕ್ಷಣೆಗಳಲ್ಲಿ ಶೇ. 80ಕ್ಕೂ ಹೆಚ್ಚು ಈ ಸೆಳೆತದಿಂದಲೇ ಅಂತ ಅಲ್ಲಿನ ಲೈಫ್‌ಗಾರ್ಡ್ ಸಂಘದ ಅಂದಾಜು. ಸಿಕ್ಕಿಕೊಂಡರೆ ದಡದ ಕಡೆಗೆ ಅದರ ವಿರುದ್ಧ ಈಜಬೇಡಿ, ಸುಸ್ತಾಗಿಬಿಡ್ತೀರಿ. ತೇಲುತ್ತಾ ಇರಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. ಫ್ಲೋರಿಡಾದಲ್ಲಿ ಒಂದು ಕೆಂಪು ಬಾವುಟ ಇದ್ದರೆ ಅಪಾಯ ಹೆಚ್ಚು, ಎರಡು ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವಂತೆಯೇ ಇಲ್ಲ. ಬೆಂಗಳೂರಲ್ಲಿ ಬೆಳೆದ ನಮ್ಮಲ್ಲಿ ಎಷ್ಟು ಜನಕ್ಕೆ ಈಜು ಬರುತ್ತೆ? ಈಜು ಬರದವನು ಮುಳುಗುವಾಗ ಅವನನ್ನು ಎಳೆಯಕ್ಕೆ ಹೋದ ಗೆಳೆಯನೂ ಮುಳುಗ್ತಾನೆ. ಗೋಕರ್ಣಕ್ಕೆ ಹೊರಟಿರೋರೂ ಇದನ್ನು ಕೇಳಿಸ್ಕೊಳ್ಳಿ. ನೀನು ತೆಗೆದುಕೊಳ್ಳೋ ಅಪಾಯ ನಿನ್ನೊಬ್ಬನದೇ ಆಗಿ ಉಳಿಯಲ್ಲ.

ಇನ್ನು ರಸ್ತೆ. ಡಾಲಸ್‌ನಿಂದ ಫ್ಲೋರಿಡಾ ತೀರಕ್ಕೆ ಹತ್ತು ಗಂಟೆಗೂ ಹೆಚ್ಚಿನ ಡ್ರೈವ್. ಶುಕ್ರವಾರ ಪೂರ್ತಿ ಕ್ಲಾಸ್, ಸಬ್ಮಿಷನ್ ಮುಗಿಸಿ, ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಸೋಣ ಅಂತ ರಾತ್ರಿಯೇ ಹೊರಡ್ತೀರಿ. 17 ಗಂಟೆ ಎಚ್ಚರವಾಗಿದ್ದವನ ಗಮನ, ರಕ್ತದಲ್ಲಿ ಶೇ. 0.05 ಮದ್ಯ ಇರುವವನ ಗಮನದಷ್ಟೇ ಕೆಟ್ಟಿರುತ್ತೆ. 24 ಗಂಟೆ ಆದರೆ ಶೇ. 0.10ಕ್ಕೆ ಸಮ. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ವಾಹನ ಓಡಿಸೋರಿಗೆ ಕಾನೂನಿನ ಮಿತಿ 0.08. ಅಂದ್ರೆ ಜೀವನದಲ್ಲಿ ಒಂದು ಹನಿ ಮುಟ್ಟದ ವಿಶ್ವಾಸಿ, ಹಿಂದಿನ ಸೀಟಲ್ಲಿ ಮೂವರನ್ನು ಮಲಗಿಸ್ಕೊಂಡು, ಕುಡಿದವನ ಹಾಗೆ ಕಾರು ಓಡಿಸ್ತಿರ್ತಾನೆ. "ನಾನು ಕುಡಿಯಲ್ಲ" ಅನ್ನೋ ಸಾಕ್ಷಿ ಅಲ್ಲಿ ಯಾರನ್ನೂ ಕಾಪಾಡಲ್ಲ. ಮಲಗಿ ಎದ್ದು ಬೆಳಗ್ಗೆ ಹೊರಡಿ. ಬಾಡಿಗೆ ಕಾರಾದರೆ, ಒಪ್ಪಂದದಲ್ಲಿ ಹೆಸರಿಲ್ಲದವರ ಕೈಗೆ ಸ್ಟೀರಿಂಗ್ ಕೊಡಬೇಡಿ. ಅಪಘಾತ ಆದರೆ ಇನ್ಶೂರೆನ್ಸ್ ಕೈಕೊಡಬಹುದು.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಜೊತೆಗಿರೋರು ಕುಡಿಯಕ್ಕೆ ಕೂತಾಗ ವಿಶ್ವಾಸಿ ಏನು ಮಾಡಬೇಕು? ನಮ್ಮ ಸಭೆಗಳಲ್ಲಿ ಇದಕ್ಕೆ ಒಂದೇ ಉತ್ತರ ಹೇಳಿಕೊಡ್ತೀವಿ: ಎದ್ದು ಬಂದುಬಿಡು. ಅದು ತಪ್ಪು ಉತ್ತರ ಅಲ್ಲ. ನನಗೆ ಆ ವಿಷಯದಲ್ಲಿ ಬಲಹೀನತೆ ಇದೆ, ಕೂತರೆ ಬೀಳ್ತೀನಿ ಅಂತ ಗೊತ್ತಿರೋನಿಗೆ ಹೋಗದೆ ಇರೋದೇ ಗೋಡೆ. ಅಂಥವನು ಹೋಗಲೇಬಾರದು, ನಾಚಿಕೆಯೂ ಪಡಬಾರದು. ಆದರೆ ಹೋಗಿದ್ದಾಗಿದೆ, ನೀನು ಬಾಗಿಲು ಹಾಕ್ಕೊಂಡು ಪಕ್ಕದ ರೂಮಲ್ಲಿ ಹೆಡ್‌ಫೋನ್ ಹಾಕಿ ಆರಾಧನೆ ಹಾಡು ಕೇಳ್ತಿದ್ದೀಯ, ಹೊರಗೆ ಒಬ್ಬ ಪ್ರಜ್ಞೆ ಇಲ್ಲದೆ ಬಿದ್ದಿದ್ದಾನೆ. ಅವನ ಗೆಳೆಯರು "ಮಲಗಿ ಎದ್ರೆ ಸರಿ ಹೋಗ್ತಾನೆ" ಅಂತಿದ್ದಾರೆ. ಸರಿ ಹೋಗದೆಯೂ ಇರಬಹುದು. ಕುಡಿಯೋದು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ರಕ್ತದಲ್ಲಿ ಮದ್ಯ ಏರ್ತಾನೇ ಇರುತ್ತೆ. ಎಬ್ಬಿಸಿದರೆ ಏಳ್ತಿಲ್ಲ, ಉಸಿರು ನಿಧಾನ, ಮೈ ತಣ್ಣಗಾಗಿದೆ ಅಂದ್ರೆ ತಕ್ಷಣ 911ಕ್ಕೆ ಫೋನ್ ಮಾಡಬೇಕು. ವಾಂತಿ ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಅವನನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಿಟ್ಟು ಹೋಗದೆ ಪಕ್ಕದಲ್ಲಿರಬೇಕು. 21 ವರ್ಷ ತುಂಬಿಲ್ಲ, ಪೊಲೀಸ್ ಬರ್ತಾರೆ, ವೀಸಾ ಹೋಗುತ್ತೆ ಅಂತ ಹೆದರಿ ಸುಮ್ಮನಿರ್ತಾರೆ. ಸಹಾಯಕ್ಕೆ ಕರೆ ಮಾಡಿದವರಿಗೆ ಸ್ವಲ್ಪ ಮಟ್ಟಿನ ರಕ್ಷಣೆ ಕೊಡೋ ಕಾನೂನು ಅಲ್ಲಿ ಅನೇಕ ರಾಜ್ಯಗಳಲ್ಲಿದೆ. ಆ ಕಾನೂನು ಇಲ್ಲದಿದ್ದರೂ ಫೋನ್ ಮಾಡಬೇಕು. ಒಂದು ವೀಸಾ ಮತ್ತು ಒಬ್ಬ ತಾಯಿಯ ಮಗ, ಎರಡರಲ್ಲಿ ಯಾವುದು ದೊಡ್ಡದು ಅಂತ ಆ ರಾತ್ರಿ ಎಚ್ಚರವಾಗಿರೋನು ನಿರ್ಧಾರ ಮಾಡಬೇಕಾಗುತ್ತೆ.

ಲೂಕ 10ರಲ್ಲಿ ಗಾಯಗೊಂಡವನನ್ನು ನೋಡಿ ದಾರಿಯ ಆ ಬದಿಯಿಂದ ದಾಟಿ ಹೋದ ಯಾಜಕನೂ ಲೇವಿಯನೂ ಕೆಟ್ಟವರಾಗಿ ಬದುಕಿದವರಲ್ಲ. ದೇವಾಲಯದ ಸೇವೆಯವರು. ಮೈಲಿಗೆ ಆಗಬಾರದು ಅನ್ನೋ ಯೋಚನೆ ಇದ್ದಿರಬಹುದು. ನನ್ನ ಪರಿಶುದ್ಧತೆ ಪಕ್ಕದವನನ್ನು ಸಾಯಲು ಬಿಡುತ್ತೆ ಅಂದ್ರೆ, ಅದು ಪವಿತ್ರಾತ್ಮನು ಕೊಟ್ಟ ಪರಿಶುದ್ಧತೆಯಾ ಅಂತ ಕೇಳ್ಕೊಳ್ಳಿ. ಇಡೀ ಗುಂಪಿನಲ್ಲಿ ಕುಡಿಯದೆ ಇರೋನು ನೀನೊಬ್ಬನೇ ಆಗಿದ್ದರೆ, ಆ ರಾತ್ರಿ ಆ ಮಾಳಿಗೆಗೆ ಗೋಡೆ ನೀನೇ.

ಇದಕ್ಕೆ ಒಬ್ಬ ತಂಗಿ ನನ್ನನ್ನು ಸರಿಯಾಗಿ ಪ್ರಶ್ನೆ ಮಾಡಿದಳು. "ಪಾಸ್ಟರ್, ಅವರು ಬೇಕೂಂತ ಮಾಡೋದಕ್ಕೆಲ್ಲ ನಾನು ಯಾಕೆ ಕಾವಲು ಕಾಯಬೇಕು? ನನಗೂ ರಜೆ ಬೇಡ್ವಾ?" ನ್ಯಾಯವಾದ ಪ್ರಶ್ನೆ. ಹೆಣ್ಣುಮಕ್ಕಳ ಮೇಲೆ ಈ ಕಾವಲಿನ ಕೆಲಸ ಸುಮ್ಮನೆ ಬೀಳೋದನ್ನೂ ನಾನು ನೋಡಿದ್ದೀನಿ. ಗೋಡೆ ಕಟ್ಟು ಅಂತ ದೇವರು ಹೇಳಿದ, ಮಾಳಿಗೆ ಮೇಲೆ ಬಂದ ಪ್ರತಿಯೊಬ್ಬನ ಕೈ ಹಿಡ್ಕೊಂಡು ರಾತ್ರಿಯೆಲ್ಲಾ ನಿಲ್ಲು ಅಂತ ಹೇಳಲಿಲ್ಲ. ಗೋಡೆ ಹತ್ತಿ ಧುಮುಕ್ತೀನಿ ಅನ್ನೋನ ಇಚ್ಛೆಗೆ ನೀನು ಯಜಮಾನಿ ಅಲ್ಲ. ನಿನ್ನ ಕೈಲಾದದ್ದು ಮಾಡು, ಸರದಿ ಹಂಚಿಕೊಳ್ಳಿ ಅಂತ ಹೊರಡೋ ಮೊದಲೇ ಹೇಳು, ನಿನಗೇ ಅಪಾಯ ಅನಿಸಿದರೆ ಅಲ್ಲಿಂದ ಹೊರಟು ಬಾ. ವಾಪಸ್ ಬರಲು ಬೇಕಾದ ದುಡ್ಡು ನಿನ್ನ ಕೈಯಲ್ಲೇ ಇರಲಿ.

ಇನ್ನೊಂದು ಮಾತು ಬಿಡಬಾರದು. ಆ ವಚನದಲ್ಲಿ ಅಪರಾಧ ಬರೋದು ಬಿದ್ದವನ ಮೇಲಲ್ಲ, ಮನೆಯ ಮೇಲೆ. 2014ರ ಜೂನ್‌ನಲ್ಲಿ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರವಾಸಕ್ಕೆ ಹೋಗಿದ್ದಾಗ ಹಿಮಾಚಲದ ಬಿಯಾಸ್ ನದಿಯಲ್ಲಿ ಕೊಚ್ಚಿ ಹೋದರು. ಅವರು ನದಿಯಲ್ಲಿ ನಿಂತಿದ್ದಾಗ ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು. ಆ ಮಕ್ಕಳನ್ನು ದೂರೋದು ಸುಲಭ. ಆದರೆ ಹಿಮಾಚಲದ ಹೈಕೋರ್ಟ್ ಪರಿಹಾರದ ಹೊಣೆಯನ್ನು ವಿದ್ಯುತ್ ಮಂಡಳಿ, ಕಾಲೇಜು, ಸರ್ಕಾರ ಮೂವರಿಗೂ ಹಂಚಿತು. ಸಾವಿರಾರು ವರ್ಷದ ಹಿಂದಿನ ಮಾಳಿಗೆಯ ನಿಯಮವೂ ಇದನ್ನೇ ಹೇಳುತ್ತೆ. ಹಾಗಾಗಿ ಅಪಘಾತ ಆದ ಮನೆಗೆ ಹೋದಾಗ "ಪ್ರಾರ್ಥನೆ ಕಡಿಮೆ ಆಗಿತ್ತು" ಅಂತ ಯಾರೂ ಹೇಳಬೇಡಿ. ಯೋಬನ ಗೆಳೆಯರ ಕೆಲಸ ಅದು.

ಈಗ ಎರಡನೆಯ ಮೆಸೇಜ್‌ಗೆ ಬರ್ತೀನಿ. ರೂಮಲ್ಲಿ ಒಬ್ಬಳೇ ಉಳಿಯೋಳು. ಎಜುಕೇಶನ್ ಲೋನ್ ಇದೆ, ಟ್ರಿಪ್‌ಗೆ ದುಡ್ಡಿಲ್ಲ. ಕ್ಯಾಂಪಸ್ ಖಾಲಿ, ಬಸ್ಸುಗಳು ಕಡಿಮೆ, ಊಟದ ಹಾಲ್ ಅರ್ಧ ಬಂದ್. ಇನ್ನೊಂದು ಕಡೆ, ಕ್ಲಾಸ್ ಇರುವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮಾತ್ರ, ರಜೆಯಲ್ಲಿ ಪೂರ್ತಿ ಹೊತ್ತು ಮಾಡಬಹುದು. ಆ ವಾರವೆಲ್ಲ ದುಡಿದು ಸಾಲಕ್ಕೆ ಸೇರಿಸೋಣ ಅನಿಸುತ್ತೆ. ದುಡಿಯೋದು ಅವಮಾನ ಅಲ್ಲ, ಯಾರ ಮುಂದೆಯೂ ತಲೆ ತಗ್ಗಿಸಬೇಡಿ. ಆದರೆ ಧರ್ಮೋಪದೇಶಕಾಂಡ 5 ನೋಡಿ. ವಿಮೋಚನಕಾಂಡದಲ್ಲಿ ಸಬ್ಬತ್ತಿಗೆ ಕಾರಣ, ದೇವರು ಸೃಷ್ಟಿ ಮುಗಿಸಿ ವಿಶ್ರಮಿಸಿದ್ದು. ಇಲ್ಲಿ ಬೇರೆ ಕಾರಣ: ನೀನು ಐಗುಪ್ತದಲ್ಲಿ ದಾಸನಾಗಿದ್ದೆ, ನಾನು ಬಿಡಿಸಿದೆ, ನೆನಪಿರಲಿ. ದಾಸನಿಗೆ ರಜೆ ಇಲ್ಲ. ಇಟ್ಟಿಗೆಯ ಲೆಕ್ಕ ಮಾತ್ರ. ವಿಶ್ರಾಂತಿ ಅನ್ನೋದು ನಾವು ಸಂಪಾದನೆ ಮಾಡಿ ಗಳಿಸೋ ಬಹುಮಾನ ಅಲ್ಲ, ಬಿಡುಗಡೆ ಆದವರಿಗೆ ದೇವರು ಕೊಟ್ಟ ಗುರುತು. ಏಳು ದಿನದಲ್ಲಿ ಒಂದು ದಿನವಾದರೂ ಸಾಲದ ಲೆಕ್ಕ ಮುಚ್ಚಿಟ್ಟು ಮಲಗಿ, ನಡೆದಾಡಿ, ಹಾಡಿ.

ಅದೇ ವಚನದಲ್ಲಿ ಇನ್ನೊಂದು ಇದೆ. ನೀನು ವಿಶ್ರಮಿಸುವ ಹಾಗೆಯೇ ನಿನ್ನ ದಾಸ ದಾಸಿಯರೂ ವಿಶ್ರಮಿಸಬೇಕು, ಎತ್ತು ಕತ್ತೆಗಳಿಗೂ, ಊರಲ್ಲಿರೋ ಪರದೇಶದವನಿಗೂ ಬಿಡುವು ಇರಬೇಕು. ಅಂದ್ರೆ ನನ್ನ ವಿಶ್ರಾಂತಿ ಇನ್ನೊಬ್ಬನ ಬೆನ್ನು ಮುರಿಯಬಾರದು. ನೀವು ಬಿಟ್ಟು ಬಂದ ಹೋಟೆಲ್ ರೂಮಿಗೆ ಬೆಳಗ್ಗೆ ಒಬ್ಬ ಹೆಂಗಸು ಬಕೆಟ್ ಹಿಡ್ಕೊಂಡು ಬರ್ತಾಳೆ. ಆಕೆಗೆ ಆ ವಾರ ರಜೆ ಇಲ್ಲ. ರೂಮನ್ನು ಮನುಷ್ಯರು ಇದ್ದ ಜಾಗದ ಹಾಗೆ ಬಿಟ್ಟು ಬನ್ನಿ, ಟಿಪ್ ಇಟ್ಟು ಬನ್ನಿ. ಮಯಾಮಿಯಲ್ಲಿ ರಾತ್ರಿ ಹನ್ನೊಂದಾದಾಗ ಇಲ್ಲಿ ಅಮ್ಮನಿಗೆ ಬೆಳಗ್ಗೆ ಎಂಟೂವರೆ. ಫೋನ್ ಸ್ವಿಚ್ ಆಫ್ ಬಂದರೆ ಆ ದಿನವೆಲ್ಲ ಅವರಿಗೆ ತುತ್ತು ಇಳಿಯಲ್ಲ. ಎಲ್ಲಿದ್ದೀನಿ, ಯಾರ ಜೊತೆ ಇದ್ದೀನಿ, ಇಷ್ಟು ಒಂದು ಮೆಸೇಜ್ ಹಾಕಿ. ಅದು ಅಮ್ಮನ ಸಬ್ಬತ್ತು.

ರಜೆಯನ್ನು ಸೇವೆಗೆ ಕೊಡೋರೂ ಇದ್ದಾರೆ. 1991ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಬ್ರೇಕ್ ಅವೇ ಅನ್ನೋ ಸಂಸ್ಥೆ ಶುರುವಾಗಿ, ಸ್ಪ್ರಿಂಗ್ ಬ್ರೇಕ್‌ನಲ್ಲಿ ಸೇವೆಗೆ ಹೋಗೋ ತಂಡಗಳಿಗೆ ದಾರಿ ತೋರಿಸಿತು. ಕತ್ರಿನಾ ಚಂಡಮಾರುತದ ಮರುವರ್ಷ, 2006ರ ರಜೆಯಲ್ಲಿ, ಸಾವಿರಾರು ವಿದ್ಯಾರ್ಥಿಗಳು ನ್ಯೂ ಆರ್ಲಿಯನ್ಸ್ ಕಡೆಗೆ ಹೋಗಿ ಕೊಳೆತ ಗೋಡೆ, ಒದ್ದೆ ಹಾಸಿಗೆ ಹೊರಗೆ ಹಾಕಿದರು. ಫೋಟೋಗೆ ಚೆಂದ ಕಾಣೋ ಕೆಲಸ ಅಲ್ಲ ಅದು. ಸೇವೆಗೆ ಹೋದರೆ ಅಂಥ ಕೆಲಸ ಕೇಳಿ ಮಾಡಿ. ಆದರೆ ದೂರ ಹೋಗಲೇಬೇಕು ಅಂತಿಲ್ಲ. ನಿನ್ನ ಅಪಾರ್ಟ್‌ಮೆಂಟ್‌ನಲ್ಲೇ ಊರಿಗೆ ಹೋಗಲಾರದೆ ಉಳಿದ ತೆಲುಗಿನ ಹುಡುಗ, ನೇಪಾಳದ ಹುಡುಗಿ, ನೈಜೀರಿಯಾದವನು ಇರ್ತಾನೆ. ಒಂದು ಕುಕ್ಕರ್ ಬಿಸಿಬೇಳೆ ಬಾತ್ ಮಾಡಿ ಬಾಗಿಲು ತಟ್ಟು. ಪರದೇಶದವನಿಗೂ ಬಿಡುವು ಇರಬೇಕು ಅಂದ ದೇವರ ಆಜ್ಞೆ ಆ ಸಂಜೆ ನಿನ್ನ ಅಡುಗೆಮನೆಯಲ್ಲಿ ನೆರವೇರುತ್ತೆ.

ಹಾಗಾದರೆ ಆ ವಾರ ಯಾರದು? ನಿನಗೆ ಕೊಟ್ಟಿದ್ದು, ನಿಜ. ಹೊಸ ಮನೆಯೂ ಯಜಮಾನನದೇ. ಆದರೆ ಅದರ ಮಾಳಿಗೆ ಹತ್ತಿ ಬರೋರೆಲ್ಲರ ಜೀವವೂ ಅವನ ಲೆಕ್ಕಕ್ಕೆ ಸೇರಿತ್ತು. ಸುರಕ್ಷಿತವಾಗಿ ಇರೋದು ಹೇಗೆ, ಅರ್ಥಪೂರ್ಣವಾಗಿ ಇರೋದು ಹೇಗೆ ಅಂತ ಎರಡು ಪ್ರಶ್ನೆ ಬೇಡ. ನನ್ನ ರಜೆಯಲ್ಲಿ ಇನ್ನೂ ಯಾರ್ಯಾರು ಇದ್ದಾರೆ ಅಂತ ಒಂದೇ ಪ್ರಶ್ನೆ ಕೇಳಿ, ಎರಡಕ್ಕೂ ಉತ್ತರ ಸಿಗುತ್ತೆ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ವಿಶ್ರಾಂತಿಯನ್ನು ಕೊಟ್ಟವನೇ, ನಿನಗೆ ಸ್ತೋತ್ರ. ರಸ್ತೆಯಲ್ಲಿ, ನೀರಿನ ಹತ್ತಿರ, ಖಾಲಿ ಕ್ಯಾಂಪಸ್‌ನಲ್ಲಿ ಇರುವ ಈ ಮಕ್ಕಳನ್ನು ನಿನ್ನ ರೆಕ್ಕೆಗಳ ಕೆಳಗೆ ಇಟ್ಟುಕೋ. ನಿನ್ನ ಕಾಪಾಡುವಿಕೆಯನ್ನು ಪರೀಕ್ಷೆ ಮಾಡದ ನಂಬಿಕೆ ಕೊಡು, ಪಕ್ಕದಲ್ಲಿರುವವರನ್ನು ಕಾಣುವ ಕಣ್ಣು ಕೊಡು. ಮಕ್ಕಳು ಹಿಂದಿರುಗದ ಮನೆಗಳನ್ನು ನೀನೇ ಸಂತೈಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.